ಬೆನ್ನಿನ ಭಾರ ಇಳಿಸುವ ಲೆಕ್ಕ: ಇಪ್ಪತ್ತರ ಮೊಣಕಾಲಿನಿಂದ ಎಪ್ಪತ್ತರ ಮೊಣಕಾಲಿನವರೆಗೆ

ಕುಮಾರಪರ್ವತ ಹತ್ತುವಾಗ ದೂರು ಹೇಳುವುದು ಉಸಿರು, ಇಳಿಯುವಾಗ ಮೊಣಕಾಲು. 1,712 ಮೀಟರ್ ಎತ್ತರದ ತುದಿಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರಲು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೀಳುತ್ತದೆ, ಬೆನ್ನಿನ ಬ್ಯಾಗೂ ಆ ಲೆಕ್ಕದೊಳಗೇ ಬರುತ್ತದೆ. ಬ್ಯಾಗಿನಿಂದ ಐದು ಕೆ.ಜಿ. ತೆಗೆದರೆ ಪ್ರತಿ ಹೆಜ್ಜೆಗೂ ಮೊಣಕಾಲಿಗೆ ಹೆಚ್ಚುಕಡಿಮೆ ಹದಿನೈದು ಕೆ.ಜಿ.ಯಷ್ಟು ಬಿಡುವು ಸಿಕ್ಕಂತೆ. ಇಪ್ಪತ್ತೈದರ ಹರೆಯದಲ್ಲಿ ಇದು ಗೊತ್ತೇ ಆಗುವುದಿಲ್ಲ. ಐವತ್ತರಲ್ಲಿ, ಮಾರನೇ ಬೆಳಗ್ಗೆ ಕುಕ್ಕರಗಾಲಲ್ಲಿ ಕೂರಬೇಕಾದಾಗ ಚೆನ್ನಾಗಿ ಗೊತ್ತಾಗುತ್ತದೆ.

ನಾಲ್ಕಾರು ದಿನ ತಮ್ಮ ಸಾಮಾನು ತಾವೇ ಹೊತ್ತು ನಡೆಯುವವರಿಗಾಗಿ ಈ ಬರಹ. ಹಗುರವಾಗುವುದೆಂದರೆ ಒಂದು ದಿನ ಅಂಗಡಿಗೆ ಹೋಗಿ ದುಬಾರಿ ಸಾಮಾನು ತಂದು ಮುಗಿಸುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಹತ್ತು ವರ್ಷಕ್ಕೊಮ್ಮೆ ಮತ್ತೆ ತೆರೆದು ನೋಡಬೇಕಾದ ಲೆಕ್ಕದ ಪುಸ್ತಕ ಅದು. ಇಪ್ಪತ್ತರಲ್ಲಿ ಸಾಮಾನು ಬಿಟ್ಟು ಹೋಗುವುದನ್ನು ಕಲಿಯಬೇಕು, ನಲವತ್ತರಲ್ಲಿ ಭಾರದ್ದನ್ನು ಕೊಟ್ಟು ಹಗುರದ್ದನ್ನು ತರಬೇಕು, ಅರವತ್ತರಲ್ಲಿ ಉಳಿಸಿದ ತೂಕದಲ್ಲೇ ಒಂದಷ್ಟನ್ನು ಮತ್ತೆ ಬ್ಯಾಗಿಗೆ ಹಾಕಬೇಕು.

ಇದಕ್ಕೆ ಅಮೆರಿಕದ ಅಪಲೇಶಿಯನ್ ಟ್ರೇಲ್‌ನಲ್ಲಿ ಹಳೆಯ ಉದಾಹರಣೆಗಳಿವೆ. ಸುಮಾರು 3,500 ಕಿ.ಮೀ. ಉದ್ದದ ಆ ಹಾದಿಯನ್ನು ಹನ್ನೊಂದು ಮಕ್ಕಳ ತಾಯಿ ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಒಬ್ಬರೇ ನಡೆದು ಮುಗಿಸಿದರು. ಕೈಯಲ್ಲೇ ಹೊಲಿದ ಡೆನಿಮ್ ಚೀಲ, ಕ್ಯಾನ್‌ವಾಸ್ ಶೂ, ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. 1957ರಲ್ಲಿ ಮತ್ತೊಮ್ಮೆ ನಡೆದರು. ಅವರನ್ನು ಹೊಗಳುವವರು ಒಂದು ಸಂಗತಿ ಮರೆಯುತ್ತಾರೆ: 1954ರ ಅವರ ಮೊದಲ ಯತ್ನ ದಾರಿ ತಪ್ಪಿ, ಕನ್ನಡಕ ಒಡೆದು ಅರ್ಧಕ್ಕೇ ನಿಂತಿತ್ತು. ಇನ್ನೊಂದು ಕನ್ನಡಕದ ತೂಕ ಸುಮಾರು 30 ಗ್ರಾಂ. ಅದೇ ಹಾದಿಯನ್ನು ಅರ್ಲ್ ಶೇಫರ್ 1948ರಲ್ಲಿ, 1965ರಲ್ಲಿ, ಕೊನೆಗೆ 1998ರಲ್ಲಿ ತಮ್ಮ 79ನೇ ವಯಸ್ಸಿನಲ್ಲಿ, ಹೀಗೆ ಮೂರು ಸಲ ನಡೆದರು.

ತಕ್ಕಡಿ ಮೊದಲು, ಅಂಗಡಿ ಆಮೇಲೆ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 5 ಕೆ.ಜಿ.ವರೆಗೆ ತೂಗಬೇಕು, ಒಂದು ಗ್ರಾಂ ವ್ಯತ್ಯಾಸ ತೋರಿಸಬೇಕು. ಹೋದ ಸಲದ ಚಾರಣಕ್ಕೆ ಏನೇನು ಒಯ್ದಿದ್ದಿರೋ ಅಷ್ಟನ್ನೂ ಹಾಲ್‌ನಲ್ಲಿ ಹರಡಿ, ಒಂದೊಂದಾಗಿ ತೂಗಿ ಬರೆಯಿರಿ. ಟೆಂಟಿನ ಗೂಟ, ಹಗ್ಗ, ಅದನ್ನು ತುಂಬುವ ಚೀಲ, ಚಾರ್ಜರಿನ ವೈರು, ಎಲ್ಲವೂ ಪಟ್ಟಿಗೆ ಬರಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ತೂಕವನ್ನು ನಂಬಬೇಡಿ. ಗೂಟ, ಹಗ್ಗ, ಚೀಲ ಬಿಟ್ಟು ತೂಗಿದ ಅಂಕಿ ಹಾಕುವುದು ಟೆಂಟಿನ ವ್ಯಾಪಾರದಲ್ಲಿ ಮಾಮೂಲು.

ಊಟ, ನೀರು, ಗ್ಯಾಸ್ ಮತ್ತು ಮೈಮೇಲೆ ತೊಟ್ಟದ್ದನ್ನು ಬಿಟ್ಟು ಬ್ಯಾಗಿನಲ್ಲಿ ಉಳಿಯುವುದಕ್ಕೆ ಮೂಲ ತೂಕ ಅನ್ನೋಣ. ದೂರ ನಡೆಯುವವರ ರೂಢಿಯಲ್ಲಿ ಇದು 9 ಕೆ.ಜಿ. ಒಳಗಿದ್ದರೆ ಹಗುರ, 4.5 ಕೆ.ಜಿ. ಒಳಗಿದ್ದರೆ ಅತಿ ಹಗುರ. ಇವು 20 ಮತ್ತು 10 ಪೌಂಡುಗಳಿಂದ ಬಂದ ಅಂಕಿಗಳಷ್ಟೇ, ಅವುಗಳಲ್ಲಿ ಬೇರೇನೂ ಗುಟ್ಟಿಲ್ಲ. ಮೇ ಅಥವಾ ಅಕ್ಟೋಬರ್‌ನಲ್ಲಿ ಉತ್ತರಾಖಂಡ, ಹಿಮಾಚಲದ ಕಣಿವೆಗಳಲ್ಲಿ ನಡೆಯುವವರಿಗೆ ನಮ್ಮ ಶಿಫಾರಸು 7ರಿಂದ 8 ಕೆ.ಜಿ. ಆರು ದಿನಕ್ಕೆ ಊಟ 4 ಕೆ.ಜಿ., ನೀರು ಒಂದೂವರೆ, ಗ್ಯಾಸ್ ಡಬ್ಬಿ 400 ಗ್ರಾಂ ಸೇರಿದರೆ ಮೊದಲ ದಿನ ಬೆನ್ನಿಗೆ ಹದಿಮೂರೂವರೆ ಕೆ.ಜಿ. ಆಸುಪಾಸು ಬರುತ್ತದೆ. ಮೂಲ ತೂಕವೇ 13 ಇದ್ದವರಿಗೆ ಅದೇ ದಿನ 19 ಕೆ.ಜಿ.

ದುಡ್ಡು ಖರ್ಚಿಲ್ಲದೆ ಇಳಿಯುವ ತೂಕ

ಮೊದಲ ಎರಡು ಮೂರು ಕೆ.ಜಿ. ಬಿಟ್ಟಿಯಾಗಿ ಇಳಿಯುತ್ತದೆ. ಪಟ್ಟಿಯಲ್ಲಿ 'ಇರಲಿ ಬಿಡು' ಎಂದು ಹಾಕಿದ್ದ ಸಾಮಾನುಗಳ ಪಕ್ಕ ಒಂದು ಗುರುತು ಹಾಕಿ ನೋಡಿ. ಜೀನ್ಸ್ ಪ್ಯಾಂಟ್ 600ರಿಂದ 700 ಗ್ರಾಂ, ನೆಂದರೆ ಒಣಗಲು ಎರಡು ದಿನ. ಟರ್ಕಿ ಟವೆಲು 400 ಗ್ರಾಂ, ಒದ್ದೆಯಾದರೆ ಅದರ ದುಪ್ಪಟ್ಟು. ಬದಲಿಗೆ ಮನೆಯಲ್ಲಿರುವ ಪಾಣಿಪಂಚೆ ಸಾಕು, ಬಿಸಿಲಿಗೆ ತಲೆಗೂ ಆಗುತ್ತದೆ, ಬಿಸಿ ಪಾತ್ರೆ ಇಳಿಸಲೂ ಆಗುತ್ತದೆ. ಒಂದು ಲೀಟರಿನ ಸ್ಟೀಲ್ ಬಾಟಲಿ ಖಾಲಿಯಿದ್ದಾಗಲೇ 350 ಗ್ರಾಂ ಸುಮಾರು. ನೀರು ಮಾರುವ ಪ್ಲಾಸ್ಟಿಕ್ ಬಾಟಲಿ 30 ಗ್ರಾಂ. ಐದು ದಿನಕ್ಕೆ ಐದು ಟೀ ಶರ್ಟ್ ಬೇಡ. ನಡೆಯಲು ಒಂದು ಜೊತೆ, ಮಲಗಲು ಒಣಗಿದ ಒಂದು ಜೊತೆ, ಕಾಲುಚೀಲ ಮಾತ್ರ ಮೂರು ಜೊತೆ. 20,000 ಎಂಎಎಚ್ ಪವರ್ ಬ್ಯಾಂಕ್ ಬದಲು 10,000ದ್ದು ಒಯ್ದು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ನಾಲ್ಕೈದು ದಿನ ಸಾಗುತ್ತದೆ.

ಎಷ್ಟೇ ಹಗುರವಾದರೂ ಈ ಕೆಲವನ್ನು ಕೈಬಿಡಬಾರದು: ಹೆಡ್‌ಟಾರ್ಚ್, ಮಳೆಯಂಗಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಒಂದು ಬೆಚ್ಚನೆಯ ಉಡುಪು, ಸೀಟಿ, ಓಆರ್‌ಎಸ್ ಪೊಟ್ಟಣ, ಗಾಯದ ಟೇಪು, ನಿಮ್ಮ ಮಾತ್ರೆ, ಬೆಂಕಿಪೊಟ್ಟಣ, ಆಫ್‌ಲೈನ್ ನಕ್ಷೆ. ಇವೆಲ್ಲ ಸೇರಿ ಒಂದೂವರೆ ಕೆ.ಜಿ. ದಾಟುವುದಿಲ್ಲ. ಹಗುರದ ಹುಚ್ಚು ಹತ್ತಿದವರು ಮೊದಲು ಕೈ ಹಾಕುವುದು ಇವಕ್ಕೇ, ಯಾಕೆಂದರೆ ಹೆಚ್ಚಿನ ಚಾರಣಗಳಲ್ಲಿ ಇವು ಬಳಕೆಯಾಗದೆ ವಾಪಸು ಬರುತ್ತವೆ.

ನಾಲ್ಕು ದೊಡ್ಡ ಸಾಮಾನು

ಸ್ಲೀಪಿಂಗ್ ಬ್ಯಾಗ್, ಟೆಂಟು, ಮ್ಯಾಟ್, ಬ್ಯಾಗು. ಮೂಲ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಈ ನಾಲ್ಕರದ್ದೇ. ಸಾಮಾನ್ಯ ದರ್ಜೆಯ ಸೆಟ್ಟು 1.9 ಕೆ.ಜಿ. ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್, 2.8 ಕೆ.ಜಿ. ಟೆಂಟು, ಅರ್ಧ ಕೆ.ಜಿ. ಮ್ಯಾಟ್, 2.2 ಕೆ.ಜಿ.ಯ 70 ಲೀಟರ್ ಬ್ಯಾಗು ಸೇರಿ 7.4 ಕೆ.ಜಿ. ಆಗುತ್ತದೆ. ಹಗುರದ ಸೆಟ್ಟು 0.8, 1.2, 0.4, 1.0, ಒಟ್ಟು 3.4 ಕೆ.ಜಿ.

ಕೊಳ್ಳುವ ಕ್ರಮ ಮುಖ್ಯ. ಬ್ಯಾಗನ್ನು ಕೊನೆಗೆ ಕೊಳ್ಳಿ. ಒಳಗಿನದ್ದು ಇಳಿಯುವ ಮೊದಲೇ 500 ಗ್ರಾಮಿನ, ಫ್ರೇಮ್ (ಬೆನ್ನಿನ ಕಡೆಯ ಗಟ್ಟಿ ಚೌಕಟ್ಟು) ಇಲ್ಲದ ಬ್ಯಾಗು ತಂದು ಅದಕ್ಕೆ 14 ಕೆ.ಜಿ. ತುಂಬುವುದೇ ಎಲ್ಲರೂ ಮಾಡುವ ತಪ್ಪು. ಫ್ರೇಮ್ ಇಲ್ಲದ ಬ್ಯಾಗು ಭಾರವನ್ನು ಸೊಂಟಕ್ಕೆ ದಾಟಿಸುವುದಿಲ್ಲ, ಎಲ್ಲವೂ ಹೆಗಲಿಗೇ ಜೋತುಬೀಳುತ್ತದೆ. ಒಟ್ಟು ತೂಕ 9-10 ಕೆ.ಜಿ. ದಾಟುವವರೆಗೆ ಅದು ಸ್ವರ್ಗ, ದಾಟಿದ ಮೇಲೆ ಕತ್ತುನೋವು. ನಮ್ಮ ಲೆಕ್ಕದ ಹದಿಮೂರೂವರೆ ಕೆ.ಜಿ.ಗೆ ಒಂದು ಕೆ.ಜಿ. ಸುಮಾರಿನ, ಫ್ರೇಮ್ ಮತ್ತು ಸೊಂಟಪಟ್ಟಿ ಇರುವ 45-50 ಲೀಟರ್ ಬ್ಯಾಗು ಸರಿ.

ಅಳತೆ ತೆಗೆದುಕೊಳ್ಳುವುದು ಹೀಗೆ: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಮೂಳೆಗಳ ಮೇಲೆ ಹೆಬ್ಬೆರಳಿಟ್ಟಾಗ ಅವೆರಡರ ನಡುವೆ ಬರುವ ಗೆರೆಯವರೆಗೆ ಟೇಪು ಹಿಡಿಯಬೇಕು. ಇದು ಬೆನ್ನಿನ ಉದ್ದ. ನೀವು ಆರಡಿ ಇದ್ದೀರೋ ಐದಡಿ ಇದ್ದೀರೋ ಎಂಬುದಕ್ಕಿಂತ ಈ ಅಂಕಿ ಮುಖ್ಯ. ಹಾಕಿಕೊಳ್ಳುವಾಗ ಎಲ್ಲ ಪಟ್ಟಿ ಸಡಿಲಿಸಿ, ಮೊದಲು ಸೊಂಟಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ (ಹೊಟ್ಟೆಯ ಮೇಲೆ ಕಟ್ಟಿದರೆ ಉಸಿರು ಕಟ್ಟುತ್ತದೆ, ಭಾರವೂ ಜಾರುತ್ತದೆ). ಆಮೇಲೆ ಹೆಗಲಪಟ್ಟಿ, ಕೊನೆಗೆ ಎದೆಪಟ್ಟಿ. ನಡೆಯುವಾಗ ಹೆಗಲಪಟ್ಟಿಯೊಳಗೆ ಎರಡು ಬೆರಳು ಸುಲಭವಾಗಿ ತೂರುವಂತಿರಬೇಕು.

ನಿದ್ದೆಯ ಸಾಮಾನಿಗೆ ಹಾಕಿದ ದುಡ್ಡು ಬಹಳ ಕಾಲ ಬಾಳುತ್ತದೆ. ಹಕ್ಕಿಯ ನಯಗರಿಯ ಸ್ಲೀಪಿಂಗ್ ಬ್ಯಾಗ್ ಅಥವಾ ಕ್ವಿಲ್ಟ್ ಸರಿಯಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬರುತ್ತದೆ. ಕ್ವಿಲ್ಟ್ ಎಂದರೆ ಕೆಳಭಾಗವಿಲ್ಲದ, ನಮ್ಮ ರಜಾಯಿಯಂಥ ಹೊದಿಕೆ. ಮೈಕೆಳಗೆ ಅದುಮಿಹೋದ ಗರಿ ಹೇಗೂ ಬೆಚ್ಚಗಿಡುವುದಿಲ್ಲ, ಹಾಗಾಗಿ ಅಷ್ಟು ಭಾಗವನ್ನೇ ತೆಗೆದಿದ್ದಾರೆ. ಮಗ್ಗುಲಿಗೆ ಮಲಗುವವರಿಗೆ, ರಾತ್ರಿ ಎರಡು ಸಲ ಎದ್ದು ಹೊರಗೆ ಹೋಗಬೇಕಾದ ವಯಸ್ಸಿನವರಿಗೆ ಜಿಪ್ಪಿನ ಜಗಳವಿಲ್ಲದ ಕ್ವಿಲ್ಟ್ ಸುಖ. ಆದರೆ ಅಂಚು ಸರಿದರೆ ತಣ್ಣನೆ ಗಾಳಿ ನುಗ್ಗುತ್ತದೆ, ಮ್ಯಾಟಿಗೆ ಕಟ್ಟುವ ಪಟ್ಟಿಯನ್ನು ಮನೆಯಲ್ಲೇ ಎರಡು ರಾತ್ರಿ ಅಭ್ಯಾಸ ಮಾಡಬೇಕು. ನಯಗರಿ ನೆಂದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು. ಜೂನ್-ಜುಲೈನ ಮಲೆನಾಡಿಗೆ ಸಿಂಥೆಟಿಕ್ಕೇ ವಾಸಿ.

ಟೆಂಟಿನಲ್ಲಿ ತೂಕ ಇಳಿಯುವುದು ಕಂಬಗಳಿಂದ. ಊರುಗೋಲನ್ನೇ ಕಂಬವಾಗಿಸಿ ನಿಲ್ಲಿಸುವ ಒಂಟಿ ಪದರದ ಟೆಂಟು 700-900 ಗ್ರಾಮಿಗೂ ಸಿಗುತ್ತದೆ. ಇದು ತಾನಾಗಿ ನಿಲ್ಲುವುದಿಲ್ಲ. ಒಂದು ಗೂಟ ಕಿತ್ತರೆ ಇಡೀ ಮನೆ ಮಲಗುತ್ತದೆ. ಕಲ್ಲುನೆಲದಲ್ಲಿ ಗೂಟ ಇಳಿಯದಿದ್ದರೆ ಹಗ್ಗವನ್ನು ಸಣ್ಣ ಕಲ್ಲಿಗೆ ಸುತ್ತಿ, ಅದರ ಮುಂದೆ ದೊಡ್ಡ ಕಲ್ಲು ಹೇರಬೇಕು. ಟೆರೇಸಿನ ಮೇಲೆ ಅಭ್ಯಾಸ ಮಾಡುವುದಾದರೆ ನೀರು ತುಂಬಿದ ಬಕೆಟ್‌ಗಳಿಗೆ ಹಗ್ಗ ಕಟ್ಟಿ. ಒಂಟಿ ಪದರದ ಇನ್ನೊಂದು ಕಾಟ ಬೆವರು: ನಮ್ಮ ಉಸಿರಿನ ತೇವ ಒಳಗೋಡೆಗೆ ಹನಿಗಟ್ಟಿ ಬೆಳಗ್ಗೆ ಮುಖಕ್ಕೆ ಬೀಳುತ್ತದೆ. ಹೊಳೆಯ ದಡ, ತಗ್ಗು ಹುಲ್ಲುಗಾವಲು ಬಿಟ್ಟು ಸ್ವಲ್ಪ ಎತ್ತರದ, ಮರದ ಮರೆಯ ಜಾಗ ಹುಡುಕಿ, ಗಾಳಿಕಿಂಡಿ ಮುಚ್ಚಬೇಡಿ, ಕೈಗೆಟುಕುವಂತೆ ಒಂದು ಒರೆಸುಬಟ್ಟೆ ಇಡಿ. ಇಬ್ಬರು ಹೋದರೆ ಟೆಂಟು, ಒಲೆ, ಪಾತ್ರೆ ಹಂಚಿಕೊಳ್ಳಿ. ದುಡ್ಡು ಸುರಿಯದೆ ತೂಕ ಅರ್ಧವಾಗುವುದು ಇದರಲ್ಲಿ ಮಾತ್ರ.

ಅಂದಹಾಗೆ, ಕುದುರೆಮುಖದಂಥ ಕಡೆ ಶಿಖರ ಹತ್ತಿ ಅದೇ ದಿನ ಇಳಿಯಬೇಕು, ಟೆಂಟಿಗೆ ಅವಕಾಶವಿಲ್ಲ. ಹೋಂಸ್ಟೇನಲ್ಲಿ ದೊಡ್ಡ ಬ್ಯಾಗು ಬಿಟ್ಟು ನೀರು, ಬುತ್ತಿ, ಮಳೆಯಂಗಿ ಸೇರಿ ನಾಲ್ಕು ಕೆ.ಜಿ.ಯಲ್ಲಿ ಹೋಗಿಬನ್ನಿ. ತಿಂಗಳ ಮೊದಲೇ ಅರಣ್ಯ ಇಲಾಖೆಯ ಬುಕಿಂಗ್ ನಿಯಮ ನೋಡಿಕೊಳ್ಳಿ, ಅವು ಬದಲಾಗುತ್ತಿರುತ್ತವೆ.

ಕಾಲಿನ ಮೇಲಿನ ತೂಕ

ಪಾದಕ್ಕೆ ಕಟ್ಟಿದ ಭಾರ ಬೆನ್ನಿನ ಭಾರಕ್ಕಿಂತ ನಾಲ್ಕೈದು ಪಟ್ಟು ದಣಿಸುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕಲ್ಲ. ಒಂದು ಜೊತೆ ದಪ್ಪ ಚರ್ಮದ ಬೂಟು ಒಂದೂವರೆ ಕೆ.ಜಿ. ಇದ್ದರೆ, ಕಾಡುದಾರಿಯಲ್ಲಿ ಓಡಲೆಂದು ಮಾಡಿದ ಟ್ರೇಲ್ ರನ್ನಿಂಗ್ ಶೂ 600 ಗ್ರಾಂ. ಆ 900 ಗ್ರಾಂ ಉಳಿತಾಯ ಬೆನ್ನಿನಿಂದ ನಾಲ್ಕು ಕೆ.ಜಿ. ಇಳಿಸಿದಷ್ಟು ಹಿತ. ಹಗುರ ಶೂ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ ಕೂಡ. ಅದರ ಅಟ್ಟೆ 600-800 ಕಿ.ಮೀ.ಗೆ ಸವೆಯುತ್ತದೆ ಎಂಬುದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿ. ಬೂಟಿನಿಂದ ಒಮ್ಮೆಲೇ ಬದಲಾಯಿಸಬಾರದು. ವರ್ಷಗಟ್ಟಲೆ ಬೂಟು ಹಿಡಿದು ನಿಲ್ಲಿಸಿದ್ದ ಕಣಕಾಲಿಗೆ ಎರಡು ಮೂರು ತಿಂಗಳ ಸಣ್ಣ ನಡಿಗೆ ಬೇಕು. ಹಿಮದ ಮೇಲೆ ಗಂಟೆಗಟ್ಟಲೆ ನಡೆಯುವ ದಾರಿಯಾದರೆ ಬೂಟೇ ಸರಿ.

ವಯಸ್ಸಾದಂತೆ ಪಾದ ಅಗಲವಾಗುತ್ತದೆ, ಉದ್ದವೂ ಸ್ವಲ್ಪ ಹೆಚ್ಚುತ್ತದೆ. ಮದುವೆಯ ಕಾಲದ ಸೈಜನ್ನೇ ಐವತ್ತರಲ್ಲೂ ಕೇಳಿ ಕೊಂಡರೆ ಇಳಿತದಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಸಂಜೆ ಹೊತ್ತು, ಪಾದ ಉಬ್ಬಿರುವಾಗ, ಚಾರಣದ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು.

ಬುತ್ತಿಯ ಲೆಕ್ಕ

ಹಗುರದ ಪಾಠ ಹೇಳುವ ವಿದೇಶಿ ಪುಟಗಳಲ್ಲಿ ದುಬಾರಿ ಒಣಗಿಸಿದ ಊಟದ ಪೊಟ್ಟಣಗಳದ್ದೇ ಮಾತು. ನಮ್ಮ ಅಡುಗೆಮನೆಗೆ ಅದರ ಹಂಗಿಲ್ಲ. ನೋಡಬೇಕಾದ್ದು ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ ಎಂಬುದನ್ನು. ತುಪ್ಪ 900, ಒಣ ಕೊಬ್ಬರಿ 660, ಶೇಂಗಾ 560, ಅವಲಕ್ಕಿ 350. ಬ್ರೆಡ್ಡು 250, ಬಾಳೆಹಣ್ಣು 90ರ ಸುಮಾರು. ಬಾಳೆಹಣ್ಣಿನಲ್ಲಿ ನಾವು ಹೊರುವುದು ಬಹುಪಾಲು ನೀರನ್ನೇ, ಬ್ರೆಡ್ಡಿನಲ್ಲೂ ಮೂರನೇ ಒಂದು ಪಾಲಿನಷ್ಟು ನೀರೇ.

ಒಬ್ಬರಿಗೆ ಒಂದು ದಿನದ ಬುತ್ತಿ ಹೀಗಿರಲಿ. ಬೆಳಗ್ಗೆ ತೆಳು ಅವಲಕ್ಕಿ 100 ಗ್ರಾಂ, ಹಾಲಿನ ಪುಡಿ 25, ಬೆಲ್ಲ 30. ದಾರಿಯಲ್ಲಿ ಶೇಂಗಾ ಚಿಕ್ಕಿ 100, ಖರ್ಜೂರ-ದ್ರಾಕ್ಷಿ 60, ಹುರಿದ ಶೇಂಗಾ 50. ಮಧ್ಯಾಹ್ನ ರಾಗಿ ಹುರಿಹಿಟ್ಟು 80, ಬೆಲ್ಲ 20. ರಾತ್ರಿ ಉಪ್ಪಿಟ್ಟಿನ ಪುಡಿ 130, ತುಪ್ಪ 30, ಚಟ್ನಿಪುಡಿ 20. ಒಟ್ಟು 645 ಗ್ರಾಂ, ಸುಮಾರು 2,750 ಕ್ಯಾಲೊರಿ. ಉಪ್ಪಿಟ್ಟಿಗೆ ಮನೆಯಲ್ಲೇ ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಸಾಸಿವೆ, ಕಡಲೆಬೇಳೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಗರಿಯಾಗಿ ಸೇರಿಸಿ, ಉಪ್ಪು ಬೆರೆಸಿ, ಪೂರ್ತಿ ಆರಿದ ಮೇಲೆ ದಿನದ ಲೆಕ್ಕಕ್ಕೆ ಪೊಟ್ಟಣ ಕಟ್ಟಿ. ಬಿಸಿಯಿರುವಾಗ ಕಟ್ಟಿದರೆ ಒಳಗೆ ಬೆವತು ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಚಾರಣದಲ್ಲಿ ಒಂದು ಅಳತೆ ಪುಡಿಗೆ ಎರಡೂವರೆ ಅಳತೆ ಕುದಿನೀರು ಹಾಕಿ, ಒಲೆ ಆರಿಸಿ, ಪಾಣಿಪಂಚೆ ಸುತ್ತಿ ಹತ್ತು ನಿಮಿಷ ಮುಚ್ಚಿಡಿ. ಗ್ಯಾಸ್ ಉಳಿಯುತ್ತದೆ.

ಎರಡು ದಿನದ ಸಣ್ಣ ಚಾರಣಕ್ಕೆ ಒಲೆಯೇ ಬೇಡ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಹುಣಸೆಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಉಪ್ಪು, ಕೊಬ್ಬರಿ ತುರಿ ಬೆರೆಸಿ ಒಯ್ದರೆ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆದು ಗೊಜ್ಜವಲಕ್ಕಿ ಸಿದ್ಧ. ಒಲೆ, ಡಬ್ಬಿ, ಪಾತ್ರೆ ಸೇರಿ ಅರ್ಧ ಕೆ.ಜಿ.ಗೂ ಹೆಚ್ಚು ಮನೆಯಲ್ಲೇ ಉಳಿಯುತ್ತದೆ.

ನೀರು ಒಂದು ಲೀಟರಿಗೆ ಒಂದು ಕೆ.ಜಿ., ಅದನ್ನು ಹಗುರ ಮಾಡುವ ತಂತ್ರಜ್ಞಾನ ಇಲ್ಲ. ಗಂಟೆಗೊಂದು ಝರಿ ಸಿಗುವ ಹಿಮಾಲಯದ ಕಣಿವೆಯಲ್ಲಿ ಒಂದು ಲೀಟರ್ ಹೊತ್ತು ಸಿಕ್ಕಲ್ಲಿ ಶುದ್ಧಮಾಡಿಕೊಳ್ಳಿ. ಬಿಸಿಲುಗುಡ್ಡದ ಬಯಲು ದಾರಿಗಳಲ್ಲಿ ಎರಡೂವರೆ ಮೂರು ಲೀಟರ್ ಹೊರಲೇಬೇಕು. ಕ್ಲೋರಿನ್ ಮಾತ್ರೆಗೆ ಅರ್ಧ ಗಂಟೆ ಬೇಕು, ನೀರು ಹಿಮದಂತೆ ತಣ್ಣಗಿದ್ದರೆ ಇನ್ನೂ ಹೆಚ್ಚು. ಕೂದಲೆಳೆಯಂಥ ಟೊಳ್ಳು ಕೊಳವೆಗಳಲ್ಲಿ ನೀರು ಸೋಸುವ ಎಳೆಕೊಳವೆಯ ಫಿಲ್ಟರ್ 80-90 ಗ್ರಾಂ ಅಷ್ಟೇ, ಆದರೆ ಒಮ್ಮೆ ನೆಂದದ್ದು ರಾತ್ರಿ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ. ಹೊರಗಿನಿಂದ ಏನೂ ಕಾಣದು, ನೀರು ಮೊದಲಿನಂತೆಯೇ ಬರುತ್ತದೆ, ಕ್ರಿಮಿಯೂ ಬರುತ್ತದೆ. ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ.

ಮಳೆ: ಕೊಪ್ಪೆಯ ಜಾಣತನ

ಬ್ಯಾಗಿನ ಮೇಲೆ ಹಾಕುವ ರೇನ್‌ಕವರ್ 100 ಗ್ರಾಂ ಇದ್ದರೂ ಬೆನ್ನಿನ ಕಡೆಯಿಂದ ನೀರು ಇಳಿಯುವುದನ್ನು ತಡೆಯುವುದಿಲ್ಲ. ಒಳಗಿನಿಂದ ಕಾಯುವುದೇ ಸರಿ. ಐವತ್ತು ಕೆ.ಜಿ. ಸಕ್ಕರೆ ಮೂಟೆಯೊಳಗಿನ ಪ್ಲಾಸ್ಟಿಕ್ ಪದರ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದು ಸಿಗದಿದ್ದರೆ ದಪ್ಪನೆಯ ದೊಡ್ಡ ಕಸದ ಚೀಲ. ತೆಳು ಕಸದ ಚೀಲ ಮೊದಲ ದಿನವೇ ಹರಿಯುತ್ತದೆ. ಚೀಲವನ್ನು ಬ್ಯಾಗಿನೊಳಗೆ ಇಳಿಸಿ, ತಳಕ್ಕೆ ಸ್ಲೀಪಿಂಗ್ ಬ್ಯಾಗನ್ನು ಅದರ ಸಣ್ಣ ಚೀಲವಿಲ್ಲದೆ ಸಡಿಲವಾಗಿ ತುರುಕಿ, ಮೂಲೆಗಳೆಲ್ಲ ತುಂಬಲಿ. ಮೇಲೆ ಮಲಗುವ ಬಟ್ಟೆ. ಆಮೇಲೆ ಭಾರದ ಬುತ್ತಿಚೀಲ, ಬೆನ್ನಿಗೆ ಅಂಟಿಕೊಂಡಂತೆ, ಹೆಗಲ ಹಲಗೆಯ ಕೆಳಗೆ. ಚೀಲದ ಬಾಯಿಯ ಗಾಳಿಯನ್ನು ಮೊಣಕಾಲಿನಿಂದ ಒತ್ತಿ ಹೊರಡಿಸಿ, ಹುರಿಯಂತೆ ತಿರುಚಿ, ಮಡಚಿ ಒಳಗೆ ಸಿಕ್ಕಿಸಿ. ಗಂಟು ಹಾಕಬೇಡಿ, ಮಳೆಯಲ್ಲಿ ಮರಗಟ್ಟಿದ ಬೆರಳಿಗೆ ಅದು ಬಿಚ್ಚದು. ನೆಂದ ಟೆಂಟು ಯಾವಾಗಲೂ ಈ ಚೀಲದ ಹೊರಗೆ.

ಮೈಗೆ, ಮಲೆನಾಡಿನ ತೋಟದ ಕೆಲಸದವರ ಪ್ಲಾಸ್ಟಿಕ್ ಕೊಪ್ಪೆಯನ್ನು ನೋಡಿ. ತಲೆಯಿಂದ ಹೊರಟು ಬೆನ್ನು ಪೂರ್ತಿ ಮುಚ್ಚುತ್ತದೆ, ಒಳಗೆ ಗಾಳಿಯಾಡುತ್ತದೆ, ತೂಕ ಇಲ್ಲವೆನ್ನುವಷ್ಟು ಕಡಿಮೆ. ಗೇಟ್‌ವುಡ್ ಅವರ ಬಚ್ಚಲ ಪರದೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಪೊಂಚೊ ಎಂದು ಅಂಗಡಿಯಲ್ಲಿ ಕೊಡುವುದೂ ಇದರ ತಮ್ಮನನ್ನೇ. ಗಾಳಿ ಜೋರಿದ್ದರೆ ಹಾರುತ್ತದೆ, ನಡುವಿಗೊಂದು ದಾರ ಕಟ್ಟಿ. ಶೋಲಾ ಕಾಡಿನಲ್ಲಿ ಇಂಬಳಕ್ಕೆ ಯಾವ ದುಬಾರಿ ಸಾಮಾನೂ ಬೇಡ, ಹೊಗೆಸೊಪ್ಪಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲುಚೀಲದ ಮೇಲೆ ಹಚ್ಚಿದರೆ ಸಾಕು, ಮಳೆಗೆ ತೊಳೆದುಹೋದಂತೆ ಮತ್ತೆ ಹಚ್ಚುತ್ತಿರಬೇಕು.

ವಯಸ್ಸಿಗೆ ತಕ್ಕ ಪಟ್ಟಿ

ಇಪ್ಪತ್ತರಲ್ಲಿ ದುಡ್ಡಿಲ್ಲ, ಶಕ್ತಿಯಿದೆ. ಟೆಂಟು, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತಂದು ನಾಲ್ಕೈದು ಚಾರಣ ಮುಗಿಸಿ, ಬಿಟ್ಟುಹೋಗುವುದನ್ನು ಕಲಿಯಿರಿ. ಶೂ ಒಂದನ್ನು ಮಾತ್ರ ಸ್ವಂತದ್ದು ಕೊಳ್ಳಿ. ಈ ವಯಸ್ಸಿನಲ್ಲಿ ಸಾಲ ಮಾಡಿ ಅತಿ ಹಗುರದ ಟೆಂಟು ತರುವುದು ವ್ಯರ್ಥ ಎನ್ನುವುದು ನಮ್ಮ ಅಭಿಪ್ರಾಯ. ಹೇಗೆ ಮಲಗುತ್ತೀರಿ, ಎಷ್ಟು ಚಳಿ ತಾಳುತ್ತೀರಿ ಎಂದು ಇನ್ನೂ ನಿಮಗೇ ಗೊತ್ತಿರುವುದಿಲ್ಲ.

ಮೂವತ್ತು-ನಲವತ್ತರಲ್ಲಿ ಮಕ್ಕಳು ಬಂದರೆ ಲೆಕ್ಕ ತಲೆಕೆಳಗು. ಅವರ ಹೊದಿಕೆ, ಬುತ್ತಿ, ನೀರು ಎಲ್ಲ ನಿಮ್ಮ ಬೆನ್ನಿಗೆ. ಮಗುವಿಗೆ ಅದರ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೊರಿಸಬೇಡಿ. ಈ ಹದಿನೈದು ವರ್ಷಕ್ಕೆ ಫ್ರೇಮ್ ಇರುವ ದೊಡ್ಡ ಬ್ಯಾಗನ್ನು ಮಾರದೆ ಇಟ್ಟುಕೊಳ್ಳಿ. ನಿದ್ದೆಯ ಸಾಮಾನನ್ನು ಹಗುರಕ್ಕೆ ಬದಲಾಯಿಸಲು ಇದೇ ಸರಿಯಾದ ಕಾಲ.

ಐವತ್ತರಲ್ಲಿ ಇಳಿತವೇ ಎದುರಾಳಿ. ಎರಡು ಊರುಗೋಲು (ಎರಡೂ ಕೂಡಿ 450 ಗ್ರಾಂ ಸುಮಾರು) ಸೇರಿಸಿ. ಸಮನೆಲದಲ್ಲಿ ಮೊಣಕೈ ತೊಂಬತ್ತು ಡಿಗ್ರಿ ಬಾಗುವಷ್ಟು ಉದ್ದ, ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಹೆಚ್ಚು. ಕೋಲು ಮೊದಲು ಕೆಳಗೂರಬೇಕು, ಆಮೇಲೆ ಕಾಲು. ಕೈಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಿ ಹಿಡಿಯಿರಿ, ಭಾರ ಪಟ್ಟಿಯ ಮೇಲೆ ಬಿದ್ದು ಬೆರಳು ನೋಯುವುದಿಲ್ಲ. ಫೋಮ್ ಮ್ಯಾಟ್ ಮೇಲೆ ಸೊಂಟದ ಮೂಳೆ ಒತ್ತತೊಡಗಿದರೆ ಗಾಳಿ ತುಂಬುವ ಮ್ಯಾಟಿಗೆ ಹೋಗಿ. 450 ಗ್ರಾಮಿನದ್ದು ಸಿಗುತ್ತದೆ, ಪಂಕ್ಚರ್ ಪ್ಯಾಚ್ ಜೊತೆಗಿರಲಿ. ಓದುವ ಕನ್ನಡಕ ಎರಡು. ರಾತ್ರಿ ಮಾತ್ರೆಯ ಹೆಸರು ಕಾಣದೆ ತಪ್ಪು ಗುಳಿಗೆ ನುಂಗುವುದು ತಮಾಷೆಯ ವಿಷಯವಲ್ಲ.

ಅರವತ್ತು ದಾಟಿದ ಮೇಲೆ ಚಳಿ ಹೆಚ್ಚು ತಾಗುತ್ತದೆ, ಬಾಯಾರಿಕೆ ಕಡಿಮೆ ತಿಳಿಯುತ್ತದೆ. ಹೊದಿಕೆಯನ್ನು ಐದು ಡಿಗ್ರಿ ಹೆಚ್ಚು ಬೆಚ್ಚನೆಯದಕ್ಕೆ ಬದಲಿಸಿ, ಇನ್ನೂರು ಗ್ರಾಂ ಹೆಚ್ಚಾದರೆ ಆಗಲಿ. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಮಾತ್ರೆಗಳ ಒಂದು ಪೂರ್ತಿ ಸೆಟ್ಟು ನಿಮ್ಮಲ್ಲಿ, ಇನ್ನೊಂದು ಜೊತೆಗಾರರ ಬ್ಯಾಗಿನಲ್ಲಿ. ದಿನದ ದೂರ ಇಳಿಸಿದರೆ ದಿನ ಹೆಚ್ಚುತ್ತದೆ, ದಿನ ಹೆಚ್ಚಿದರೆ ಬುತ್ತಿ ಹೆಚ್ಚುತ್ತದೆ. ಹಳ್ಳಿ, ಢಾಬಾ ಸಿಗುವ ದಾರಿ ಆರಿಸಿಕೊಂಡರೆ ಆ ಗಂಟು ಬಿಡುತ್ತದೆ. ಪೋರ್ಟರ್ ಅಥವಾ ಹೇಸರಗತ್ತೆ ಮಾಡಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಹಾಗೆಂದು ಬಿಟ್ಟಿದ್ದ 'ಇರಲಿ ಬಿಡು' ಸಾಮಾನನ್ನೆಲ್ಲ ಮತ್ತೆ ತುಂಬಿ ಅವರ ಬೆನ್ನಿಗೆ ಹೇರಬಾರದು.

ಹಗುರವಾದ ಮೇಲೆ ಎಡವುವ ಜಾಗಗಳು

ಮೊದಲನೆಯದು ವೇಗ. ಹಗುರ ಬ್ಯಾಗಿನವರು ಎರಡು ದಿನದ ಏರನ್ನು ಒಂದೇ ದಿನದಲ್ಲಿ ಮುಗಿಸಬಲ್ಲರು, ಮುಗಿಸಿ ರಾತ್ರಿ ತಲೆನೋವು, ವಾಂತಿಯಲ್ಲಿ ಒದ್ದಾಡುತ್ತಾರೆ. ಎತ್ತರದ ಗಾಳಿಗೆ ಹೊಂದಿಕೊಳ್ಳುವ ರಕ್ತಕ್ಕೆ ನಿಮ್ಮ ಟೆಂಟು ಎಷ್ಟು ಗ್ರಾಂ ಎಂಬುದು ಸಂಬಂಧವಿಲ್ಲದ ವಿಷಯ. 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಂದು ಬಿಡುವು. ಲಕ್ಷಣ ಕಂಡ ಮೇಲೆ ಏರಲೇಬಾರದು, ಹೆಚ್ಚಾದರೆ ತಕ್ಷಣ ಇಳಿಯಬೇಕು.

ಎರಡನೆಯದು ಗ್ಯಾಸ್. ಬ್ಯೂಟೇನ್ ಕುದಿಯುವುದು -0.5 ಡಿಗ್ರಿಗೆ; ಅದಕ್ಕಿಂತ ಚಳಿಯಲ್ಲಿ ಬರೀ ಬ್ಯೂಟೇನ್ ಇರುವ ಅಗ್ಗದ ಉದ್ದ ಡಬ್ಬಿ ತುಂಬಿದ್ದರೂ ಉರಿಯುವುದಿಲ್ಲ. ಐಸೊಬ್ಯೂಟೇನ್-ಪ್ರೊಪೇನ್ ಬೆರೆತ ಡಬ್ಬಿ ಕೇಳಿ ತನ್ನಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳಿ. ವಿಮಾನದಲ್ಲಿ ಡಬ್ಬಿ ಒಯ್ಯುವಂತಿಲ್ಲ, ಡೆಹ್ರಾಡೂನ್ ಅಥವಾ ಮನಾಲಿಯಲ್ಲಿ ಇಳಿದ ಮೇಲೆ ಕೊಳ್ಳಬೇಕು.

ಅಮೆರಿಕದಿಂದ ರಜೆಗೆ ಬರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಅಲ್ಲಿನ ಕಾಡುದಾರಿಗಳಲ್ಲಿ ಎಲ್ಲರ ಹೆಗಲಪಟ್ಟಿಯಲ್ಲೂ ನೇತಾಡುವ ನೂರು ಗ್ರಾಮಿನ ಉಪಗ್ರಹ ಸಂದೇಶಯಂತ್ರವನ್ನು ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲೇ ತಡೆದು ಪೊಲೀಸರಿಗೆ ಒಪ್ಪಿಸಿದ ಪ್ರಕರಣಗಳಿವೆ. ಅಲ್ಲೇ ಬಿಟ್ಟು ಬನ್ನಿ.

ಅಟ್ಟದ ಮೇಲಿನ ಹತ್ತು ವರ್ಷ

ಹಗುರ ಸಾಮಾನು ನಡಿಗೆಯಲ್ಲಿ ಹಾಳಾಗುವುದಕ್ಕಿಂತ ಮನೆಯಲ್ಲಿ ಹಾಳಾಗುವುದೇ ಹೆಚ್ಚು. ನಯಗರಿಯನ್ನು ಅದುಮಿ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಮತ್ತೆ ಉಬ್ಬುವುದಿಲ್ಲ. ಹಳೆಯ ದಿಂಬಿನ ಚೀಲದಂಥ ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ತೂಗುಹಾಕಿ. ಟೆಂಟಿನ ಒಳಲೇಪನ ತೇವದಲ್ಲಿ ನಿಧಾನಕ್ಕೆ ಕರಗಿ ಅಂಟಂಟಾಗಿ ವಾಸನೆ ಹೊಡೆಯುತ್ತದೆ, ಮಂಗಳೂರು-ಕಾರವಾರದ ಹವೆಯಲ್ಲಿ ಇನ್ನೂ ಬೇಗ. ಚಾರಣದಿಂದ ಬಂದ ದಿನವೇ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಬೂಟಿನ ನಡುಪದರದ ಪಾಲಿಯುರೆಥೇನ್ ಕೂಡ ಹೀಗೆಯೇ ಸಾಯುತ್ತದೆ. ಎಂಟು ಹತ್ತು ವರ್ಷ ಅಟ್ಟದ ಮೇಲಿದ್ದು ಹೊಸದರಂತೆ ಕಾಣುವ ಬೂಟಿನ ಅಟ್ಟೆ ಎರಡನೇ ದಿನ ಬಾಯಿಬಿಡುತ್ತದೆ. ಹೊರಡುವ ವಾರ ಮೊದಲು ಅದನ್ನು ಹಾಕಿಕೊಂಡು ಊರಲ್ಲೇ ಹತ್ತು ಕಿ.ಮೀ. ನಡೆದು ನೋಡಿ.

ವಾಪಸು ಬಂದ ರಾತ್ರಿ, ಬ್ಯಾಗು ಬಿಚ್ಚುವಾಗಲೇ ಸಾಮಾನನ್ನು ಮೂರು ರಾಶಿ ಮಾಡಿ: ದಿನಾ ಬಳಸಿದ್ದು, ಒಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು. ಮೂರನೇ ರಾಶಿಯ ತೂಕವನ್ನು ಪಟ್ಟಿಯ ಕೆಳಗೆ ತಾರೀಖಿನ ಜೊತೆ ಬರೆದಿಡಿ. ಅದರಿಂದ ಮಾತ್ರೆ ಪೆಟ್ಟಿಗೆ, ಸೀಟಿ, ಮಳೆಯಂಗಿ, ಇನ್ನೊಂದು ಕನ್ನಡಕವನ್ನು ಎತ್ತಿ ಮತ್ತೆ ಬ್ಯಾಗಿಗೆ ಹಾಕಿ, ಉಳಿದದ್ದು ಬೀರುವಿಗೆ.